ಕಮಲಾಬಾಯಿ ಆಡಿದ ಮಾತು

“ಯಾರಪಾ ಈ ಕಮಲಾಬಾಯಿ? ನನ್ನ ಮಾತೆಲ್ಲಾ ಆಕಿ ಯಾಕ ಆಡ್ಯಾಳ?”

ಸುಂದ್ರವ್ವನ ಈ ಪ್ರಶ್ನೆಯಿಂದ ಕಥೆ ಶುರುಮಾಡಬಹುದೇ? (ಮೊದಲು ‘ಸಮಾಜಶಾಸ್ತ್ರಜ್ಞ ಡಾ. ಸಮಾಧಾನ ಅವರು ಬೇಡಕಿಹಾಳದಲ್ಲಿ ಜನಿಸಿದರು’ ಅಂತ ಬರೆದಿದ್ದೆ. ಸನ್ಮಾನಪತ್ರದ ಥರ ಕಂಡಿತು. ಹರಿದೆ.)

೧
ಸಮಾಧಾನನಿಗೆ ಹೆಸರು ತಂದದ್ದು ನಿಪ್ಪಾಣಿಯ ಬೀಡಿ ಸುತ್ತುವ ಹೆಂಗಸರ ಬಗ್ಗೆ ೨೦೦೪ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕ. ಅದರಿಂದಲೇ ಪುಣೆಯಲ್ಲಿ ಪ್ರೊಫೆಸರ್ ಹುದ್ದೆ, ದಿಲ್ಲಿಯಲ್ಲಿ ಸೆಮಿನಾರು. ದುಡಿಯುವ ಹೆಂಗಸೇ ತನ್ನ ಬದುಕಿನ ಬಗ್ಗೆ ದೊಡ್ಡ ವಿದ್ವಾಂಸೆ ಅನ್ನುವುದು ಅವನ ಥಿಯರಿ. ಪುಸ್ತಕದ ತುಂಬ ಮಾತಾಡುವವಳು ಕಮಲಾಬಾಯಿ. ಅವಳು ತನ್ನ ಹೆತ್ತವ್ವ ಸುಂದ್ರವ್ವ ಅನ್ನುವುದನ್ನು ಮಾತ್ರ ಅವನು ಎಲ್ಲೂ ಬರೆದಿರಲಿಲ್ಲ.

೨೦೧೬ರಲ್ಲಿ ಪುಸ್ತಕ ಕನ್ನಡಕ್ಕೆ ಬಂತು. ಅಚ್ಚಿಗೆ ಹೋಗುವ ಮುಂಚಿನ ಪ್ರೂಫನ್ನು ತಂಗಿ ಕಾಂಚನ ಅವ್ವನೆದುರೇ ಜೋರಾಗಿ ಓದಿಬಿಟ್ಟಳು.

೨
“ಹೆಸರ ಬದಲಿ ಮಾಡೂದು ರೂಲ್ ಐತಿ ಬೇ. ರಿಸರ್ಚಿನ್ಯಾಗ ಎಲ್ಲಾರೂ ಮಾಡ್ತಾರ,” ಅಂದ ಸಮಾಧಾನ.

“ಹೆಸರ ಬದಲಿ ಮಾಡು. ಅವ್ವ ಅನ್ನೂದನ್ನ ಯಾಕ ಮುಚ್ಚಿದಿ? ನಾಚಿಕಿ ಬಂತೇನ?”

(ಇಲ್ಲಿ ಅವನಿಗೊಂದು ಒಳ್ಳೆಯ ಡೈಲಾಗು ಕೊಡಲು ಎರಡು ದಿನ ಒದ್ದಾಡಿದೆ, ಓದುಗರೇ. ಆಸಾಮಿ ಒಂದನ್ನೂ ಒಪ್ಪಲಿಲ್ಲ. ಪ್ರೂಫು ಎಳೆದುಕೊಂಡು ಪೆನ್ನು ತೆಗೆದ.)

“ಎಲ್ಲಾ ಕಡೆ ನಿನ್ನ ಹೆಸರ ಹಾಕತೇನಿ. ನಮ್ಮವ್ವ ಅಂತ ಬರೀತೇನಿ. ಆತಿಲ್ಲೊ?”

೩
ಬರೆಯತೊಡಗಿದರೆ ಹೊಸ ತಕರಾರು. ಬೀಡಿ ಮಾಲಕನ ಜೊತೆ ಜಗಳಾಡಿದ ಪುಟಕ್ಕೆ ಅವ್ವ ‘ಸುಂದ್ರವ್ವ’ ಅಂತ ದೊಡ್ಡದಾಗಿ ಬರೆಸಿಕೊಂಡಳು. ನಾದಿನಿಯನ್ನು ಬೈದ ಪುಟ ಬಂದದ್ದೇ ಗಾಬರಿಯಾದಳು.

“ಏ, ಅದನ್ನ ಕಮಲಾಬಾಯಿನ ಅಂದಾಳ! ನಿಮ್ಮತ್ತಿ ಅಕ್ಕುತಾಯಿ ಇನ್ನೂ ಗಟ್ಟಿ ಅದಾಳ. ಮನಿಗೆ ಬಂದ ಹೊಡೀತಾಳ.”

ಕಾಂಚನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಮಾಧಾನನೂ ನಕ್ಕ, ಮುಂದಿನ ಪುಟ ಬರುವವರೆಗೆ.

೪
‘ಕಾಲೇಜಿನ ಗೆಳ್ಯಾರು ಬಂದ್ರ, ತಂಬಾಕು ಒಳಗ ಇಡು ಅಂತಿದ್ದ ಮಗ. ತಂಬಾಕಿನ ಜೋಡಿ ನಾನೂ ಒಳಗ ಹೋಗಿ ಕುಂಡ್ರತಿದ್ದೆ.’

ಕೆಳಗೆ ಅವನದೇ ಟಿಪ್ಪಣಿ: ತಲೆಮಾರುಗಳ ಅಂತರ.

ಅಷ್ಟು ಓದಿ ಸಮಾಧಾನ ಪೆನ್ನು ಕೆಳಗಿಟ್ಟ. “ಇದನ್ನ ಯಾರ ಅಂದಾರಂತ ಬರೀಲಿ, ಯವ್ವಾ?”

(ಮುಕ್ತಾಯ ಒಂದು: ‘ಕಮಲಾಬಾಯಿ’ ಅಂದು ಮಗನ ಮಾನ ಕಾಯುತ್ತಾಳೆ. ಮುಕ್ತಾಯ ಎರಡು: ‘ಸುಂದ್ರವ್ವ’ ಅನ್ನುತ್ತಾಳೆ, ಅವನು ಹಾಗೆಯೇ ಬರೆಯುತ್ತಾನೆ. ಎರಡನ್ನೂ ಅವಳಿಗೇ ಓದಿ ಹೇಳಿದೆ. “ನೀ ನಡಬರಕ ಬಾಯಿ ಹಾಕಬ್ಯಾಡಪಾ, ಕತಿ ಬರ್ಯಾವನ. ಇದು ತಾಯಿ-ಮಗನ ಮಾತೈತಿ” ಅಂದಳು. ಎರಡನ್ನೂ ಹರಿದೆ.)

ಸುಂದ್ರವ್ವ ಆ ಪುಟವನ್ನು ತನ್ನ ಕಡೆ ಎಳೆದುಕೊಂಡಳು. ಓದಲು ಬರದಿದ್ದರೂ ನೋಡಿದಳು.

“ಸದ್ಯಕ ಖಾಲಿ ಬಿಡು. ವಿಚಾರ ಮಾಡಿ ಹೇಳತೇನಿ.”

“ಎಷ್ಟ ದಿನ ಬೇಕಾದ್ರೂ ತಗೋ, ಯವ್ವಾ.”

ಬಾಗಿಲ ಸಪ್ಪಳವಾಯಿತು. ಪ್ರೂಫು ಒಯ್ಯಲು ಪ್ರಕಾಶಕ ರಾವಸಾಹೇಬ ಬಂದಿದ್ದ. ರೂಢಿಯಂತೆ ಸುಂದ್ರವ್ವ ಒಳಗೆ ಹೋಗಲು ಎದ್ದಳು. ಸಮಾಧಾನ ಅವಳ ಸೆರಗು ಹಿಡಿದ.