ಬಿಸಿಲು ಬಂದ ಮೇಲೆ ಕಟ್ಟೋಣ ಅಂದ ಹಗ್ಗ

ಆ ವಾರದ ಮಳೆಗೆ ಮಾನ ಮರ್ಯಾದೆ ಎರಡೂ ಇರಲಿಲ್ಲ. ಬಟ್ಟೆ ಹರವಿದ ಕೂಡಲೇ ಸುರಿಯುತ್ತಿತ್ತು, ಎತ್ತಿಕೊಂಡು ಒಳಗೆ ಬಂದರೆ ಬಿಸಿಲು ಹಲ್ಲು ಕಿರಿಯುತ್ತಿತ್ತು. ಊರಿನ ಮಿಕ್ಕವರಿಗೆ ಅದು ಬರೀ ಹರಟೆಯ ವಿಷಯ. ಬಸ್ ನಿಲ್ದಾಣದ ಹಿಂದಿನ ಓಣಿಯ ಲಾಂಡ್ರಿಯವನಿಗೆ ಮಾತ್ರ ಹೊಟ್ಟೆಪಾಡು. ಲಾಡ್ಜಿನ ಬೆಡ್‌ಶೀಟುಗಳು ಬುಟ್ಟಿಗಟ್ಟಲೆ ಬಂದು ಬಿದ್ದಿದ್ದವು. ಒಣಗಿಸಿ ಕೊಡದಿದ್ದರೆ ಲಾಡ್ಜಿನವರು ಬೇರೆ ಲಾಂಡ್ರಿ ನೋಡಿಕೊಳ್ಳುತ್ತಿದ್ದರು.

ಅಂಗಡಿ ನಡೆಸುತ್ತಿದ್ದವರು ಅವನು ಮತ್ತು ಅವನ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಒಗೆಯುವುದು, ಹರವುವುದು ಅವಳ ಪಾಲು, ಇಸ್ತ್ರಿ ಅವನದು. ಇಬ್ಬರೂ ಜಗಳವಾಡದ ದಿನವಿರಲಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರು ಉಂಡ ದಿನವೂ ಇರಲಿಲ್ಲ.

ಸೋಮವಾರ ಅವನೊಂದು ಉಪಾಯ ಮಾಡಿದ. ಹಿತ್ತಲಿನಿಂದ ತಗಡಿನ ಮಾಡಿನ ಒಳಗಿನವರೆಗೂ ಉದ್ದಕ್ಕೆ ಒಂದು ಕಬ್ಬಿಣದ ತಂತಿ ಬಿಗಿದ. ಕೊಕ್ಕೆಗೆ ಸಿಕ್ಕಿಸಿದ ಬಟ್ಟೆಯನ್ನು ಮಳೆ ಬಂದರೆ ಸರ್ರನೆ ಒಳಕ್ಕೆ ಎಳೆಯುವುದು, ನಿಂತರೆ ಹೊರಕ್ಕೆ ತಳ್ಳುವುದು. ತಂತಿಯ ಒಂದು ತುದಿಯನ್ನು ಗೋಡೆಯ ಪೈಪಿಗೆ ಸುತ್ತಿದ. ಬೀದಿ ಕಂಬದಿಂದ ಮನೆಗೆ ಕರೆಂಟಿನ ವಯರು ಇಳಿಯುವ ಪೈಪು ಅದು. ಆ ಗೋಡೆಯಲ್ಲಿ ಅಷ್ಟು ಗಟ್ಟಿಯಾದದ್ದು ಬೇರೇನೂ ಇರಲಿಲ್ಲ. ತನ್ನ ಬುದ್ಧಿಗೆ ತಾನೇ ಬೀಗಿದ.

ಮಾರನೆಯ ದಿನ ಅಕ್ಕ ಕೈ ಒದರಿಕೊಂಡು ಒಳಗೆ ಬಂದಳು.

"ಲೋ, ಆ ತಂತಿ ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣೋ."

"ಚಳಿಗೆ ನಿನ್ನ ಕೈ ಜೋಮು ಹಿಡಿದಿದೆ. ಬಿಸಿ ಟೀ ಕುಡಿ."

"ನಾನು ಟೀ ಕುಡಿದ್ರೆ ತಂತಿ ಸುಮ್ನಾಗುತ್ತಾ?"

ಪಕ್ಕದ ಮನೆಯ ಲೈನ್‌ಮನ್ ಕೆಲಸಕ್ಕೆ ಹೊರಟಿದ್ದವನು ಈ ಮಾತು ಕೇಳಿ ಹಿತ್ತಲಿಗೇ ಬಂದ. ತಲೆಯೆತ್ತಿ ನೋಡಿದವನ ಮುಖ ಗಂಭೀರವಾಯಿತು.

"ಅಣ್ಣ, ಪೈಪಿಗ್ಯಾಕೆ ಕಟ್ಟಿದ್ರಿ? ಬಟ್ಟೆ ಎಳೆದಾಗೆಲ್ಲ ತಂತಿ ಹೋಗಿ ಪೈಪಿನ ಬಾಯಲ್ಲಿರೋ ವಯರಿಗೆ ತಿಕ್ಕುತ್ತೆ. ಮೇಲಿನ ಹೊದಿಕೆ ಸವೆದ್ರೆ ಕರೆಂಟು ತಂತಿಗೆ ಬರುತ್ತೆ, ತಂತಿಯಿಂದ ಒದ್ದೆ ಬಟ್ಟೆಗೆ, ಬಟ್ಟೆಯಿಂದ ಅಕ್ಕನ ಕೈಗೆ. ಜುಮ್ ಅಂದ್ರೆ ಅದೇ ಎಚ್ಚರಿಕೆ."

"ಮೇನ್ ಆಫ್ ಮಾಡಿದ್ರಾಯ್ತಲ್ಲ?"

"ಆ ವಯರು ಮೇನಿಗಿಂತ ಮುಂಚೆ ಇದೆ. ನೀವು ಆಫ್ ಮಾಡಿದ್ರೂ ಅದರಲ್ಲಿ ಕರೆಂಟ್ ಇದ್ದೇ ಇರುತ್ತೆ. ಈಗ್ಲೇ ಕಂಬದಲ್ಲಿ ಲೈನ್ ತೆಗೆದು ಬಿಚ್ಚಿಕೊಡ್ತೀನಿ. ಆಮೇಲೆ ಬೇರೆ ಕಡೆ ನೈಲಾನ್ ಹಗ್ಗ ಕಟ್ಕೊಳ್ಳಿ."

"ಲೈನ್ ತೆಗೆದ್ರೆ ನನ್ನ ಇಸ್ತ್ರಿ ಕತೆ ಏನಪ್ಪ? ಹಗ್ಗ ಆದ್ರೆ ಒದ್ದೆ ಬೆಡ್‌ಶೀಟಿನ ಭಾರಕ್ಕೆ ಜೋತು ನೆಲ ಗುಡಿಸುತ್ತೆ. ಬಿಸಿಲು ಬರ್ಲಿ, ನಿಧಾನಕ್ಕೆ ಕಟ್ಟೋಣ."

"ಕರೆಂಟು ನಿಮ್ಮ ಬಿಡುವು ನೋಡ್ಕೊಂಡು ಬರಲ್ಲ ಅಣ್ಣ. ಅಲ್ಲೀವರೆಗೆ ಯಾರೂ ಮುಟ್ಟಬೇಡಿ."

ಬುಧವಾರ ಲೈನ್‌ಮನ್ ಮತ್ತೆ ಬಂದು ಬಾಗಿಲು ತಟ್ಟಿದ. ಇವನು ನಾಳೆ ಎಂದು ಸಾಗಹಾಕಿದ. ಅಕ್ಕ ತಾನೇ ಅಂಗಡಿಗೆ ಹೋಗಿ ದಪ್ಪನೆಯ ನೀಲಿ ಹಗ್ಗ ತಂದಳು. ಅವನು ಅದನ್ನು ಸುರುಳಿ ಬಿಚ್ಚದೆ ಮೊಳೆಗೆ ನೇತುಹಾಕಿ, "ರಬ್ಬರ್ ಚಪ್ಪಲಿ ಹಾಕ್ಕೊಂಡು ಹರವು, ಏನೂ ಆಗಲ್ಲ" ಎಂದ.

ಚಪ್ಪಲಿ ಹಾಕಿಕೊಂಡ ಮೇಲೆ ಅವಳಿಗೆ ಜುಮ್ಮೆನ್ನಲಿಲ್ಲ. ಗುರುವಾರವೂ ಇಲ್ಲ, ಶುಕ್ರವಾರವೂ ಇಲ್ಲ.

"ನೋಡಿದ್ಯಾ? ಲೈನ್‌ಮನ್‌ಗೆ ಹೆದರಿಸೋದೇ ಕೆಲಸ" ಎಂದು ನಕ್ಕ. ಅವಳೂ ನಕ್ಕಳು. ಆದರೆ ಅಷ್ಟು ದಿನವೂ ಮೇಲೆ ಆ ತಂತಿ ವಯರನ್ನು ತಿಕ್ಕುತ್ತಲೇ ಇತ್ತು.

ಶನಿವಾರ ಬೆಳಿಗ್ಗೆ ಆಕಾಶ ಒರೆಸಿಟ್ಟಂತೆ ತಿಳಿಯಾಯಿತು. ಓಣಿಯ ತುಂಬ ಬಿಸಿಲು.

"ಇವತ್ತು ಹಗ್ಗ ಕಟ್ಟಿಬಿಡೋಣ ಕಣೋ" ಎಂದಳು ಅಕ್ಕ.

"ಮೊದಲು ಈ ಬುಟ್ಟಿ ಖಾಲಿ ಆಗಲಿ ತಾಯಿ."

ವಾರವಿಡೀ ನೆಂದು ನಾರುತ್ತಿದ್ದ ಚಪ್ಪಲಿಯನ್ನು ಅವಳು ಒಣಗಲೆಂದು ಮೆಟ್ಟಿಲ ಮೇಲೆ ಬಿಟ್ಟಳು. ಒದ್ದೆ ಬೆಡ್‌ಶೀಟನ್ನು ಹೆಗಲಿಗೆ ಹಾಕಿಕೊಂಡು, ಇನ್ನೂ ಹಸಿಯಾಗಿದ್ದ ನೆಲದ ಮೇಲೆ ಬರಿಗಾಲಲ್ಲಿ ಹೋದಳು.

ಅವನಿಗೆ ಕೇಳಿಸಿದ್ದು ಬುಟ್ಟಿ ಉರುಳಿದ ಸದ್ದು. ಓಡಿ ಮೇನ್ ಆಫ್ ಮಾಡಿದ. ಹಿತ್ತಲಿಗೆ ಬಂದರೆ ಅಕ್ಕ ನೆಲದಲ್ಲಿ ಬಿದ್ದಿದ್ದಳು, ಭಾರಕ್ಕೆ ಜಗ್ಗಿಬಂದ ತಂತಿ ಇನ್ನೂ ಅವಳ ಮುಷ್ಟಿಯಲ್ಲಿತ್ತು. ಕೈ ಚಾಚಿ ಮುನ್ನುಗ್ಗಿದ.

"ಮುಟ್ಬೇಡಿ! ನೀವೂ ಹೋಗ್ತೀರ!" ಲೈನ್‌ಮನ್ನನ ಹೆಂಡತಿ ಬೇಲಿಯಾಚೆಯಿಂದ ಕಿರುಚಿದಳು. ಕೂಗುತ್ತಲೇ ವಿದ್ಯುತ್ ಕಚೇರಿಗೆ ಫೋನ್ ಮಾಡಿದಳು.

ಬೀದಿಯ ಲೈನ್ ನಿಲ್ಲುವವರೆಗೂ ಅವನು ಅಲ್ಲೇ ನಿಂತಿರಬೇಕಾಯಿತು. ಬಾಚಿಕೊಂಡರೆ ಸಿಗುವಷ್ಟು ಹತ್ತಿರ ಇದ್ದಳು. ತನ್ನನ್ನು ಎತ್ತಿ ಆಡಿಸಿದ ಅಕ್ಕನನ್ನು ಅವನು ಮುಟ್ಟುವಂತಿರಲಿಲ್ಲ. ಲೈನ್ ನಿಂತ ಮೇಲೆ ಲೈನ್‌ಮನ್ ಬಂದು ಅವಳ ಎದೆ ಒತ್ತಿದ, ಆಂಬ್ಯುಲೆನ್ಸೂ ಬಂತು. ಅಕ್ಕ ಉಳಿಯಲಿಲ್ಲ.

ಆ ಸಂಜೆ ಲೈನ್‌ಮನ್ ತಂತಿಯನ್ನು ಬಿಚ್ಚಿ ಸುತ್ತಿಟ್ಟ. ಲಾಂಡ್ರಿಯವನಿಗೆ ಇನ್ನು ಯಾರೂ ಏನನ್ನೂ ಮನವರಿಕೆ ಮಾಡಿಕೊಡಬೇಕಾಗಿರಲಿಲ್ಲ.

ಈಗ ಆ ಹಿತ್ತಲಿನಲ್ಲಿ ಅಕ್ಕ ತಂದ ನೀಲಿ ಹಗ್ಗವಿದೆ. ಒದ್ದೆ ಬೆಡ್‌ಶೀಟಿಗೆ ಅದು ಜೋತದ್ದು ನಿಜ. ನಡುವೆ ಒಂದು ಬಿದಿರಿನ ಕೋಲು ಕೊಟ್ಟ, ಸರಿಹೋಯಿತು. ಅಷ್ಟೇ ಕೆಲಸ ಇದ್ದದ್ದು. ಕಟ್ಟಿ ಮುಗಿಸಿ ಅವನು ಮೆಟ್ಟಿಲ ಮೇಲೆ ಕುಳಿತು ಗೊಳೋ ಎಂದು ಅತ್ತ.

ಓದುತ್ತಿರುವ ಅಕ್ಕ, ಅಣ್ಣ, ಈ ಕಾಗದವನ್ನು ಇಲ್ಲೇ ಮಡಚಿಟ್ಟು ಒಮ್ಮೆ ಹಿತ್ತಲಿಗೆ ಹೋಗಿ ಬನ್ನಿ. ಬಟ್ಟೆ ಹರವುವುದು ಕಬ್ಬಿಣದ ತಂತಿಗೋ? ಅದು ಕರೆಂಟಿನ ಪೈಪು, ಕಂಬ, ವಯರು ಯಾವುದಕ್ಕಾದರೂ ತಾಗಿದೆಯೋ? ತಾಗಿದ್ದರೆ ನೀವು ಬಿಚ್ಚಲು ಹೋಗಬೇಡಿ, ದೂರ ನಿಂತು ವಿದ್ಯುತ್ ಕಚೇರಿಯವರನ್ನು ಕರೆಯಿರಿ. ಯಾರಿಗಾದರೂ ಕರೆಂಟ್ ಹೊಡೆದರೆ, ಅದು ನಿಂತಿದೆ ಎಂದು ಖಾತ್ರಿಯಾಗುವವರೆಗೂ ಅವರನ್ನು ಮುಟ್ಟಬೇಡಿ. ನಿಮ್ಮ ಮನೆಯ ಹಗ್ಗವೂ ಮೊಳೆಯಲ್ಲಿ ನೇತಾಡುತ್ತಿದ್ದರೆ ಇಂದೇ ಕಟ್ಟಿ, ಬಿಸಿಲಿಗೆ ಕಾಯಬೇಡಿ. ಇವನು ಕಾದ. ಬಿಸಿಲೂ ಬಂತು.