ಮೇಲಿನ ಕೊಠಡಿ, ಕೆಳಗಿನ ಕೊಠಡಿ

"ಮೂರು ಅಂದ ಮೇಲೆ ಒತ್ತಿ. ಹೋದ ಸಲ ನೀವು ಎರಡೂವರೆಗೇ ಒತ್ಬಿಟ್ರಿ."

"ನಾನಾ? ನಿಮ್ಮ 'ಎರಡು' ಅನ್ನೋದೇ ಅಷ್ಟು ಉದ್ದ ಸರ್. ಅದರ ಮಧ್ಯೆ ಒಂದು ಟೀ ಕುಡಿದು ಬರಬಹುದು."

ಫೋನಿನ ಆ ತುದಿಯಲ್ಲಿ ನಗು ಬಂತು, ನಗುವಿನ ಬೆನ್ನಿಗೇ ಕೆಮ್ಮು. ಕೆಮ್ಮು ನಿಲ್ಲುವ ತನಕ ಅವಳು ಬೆರಳನ್ನು ಎಂಟರ್ ಕೀಲಿಯ ಮೇಲೆ ಇಟ್ಟುಕೊಂಡೇ ಕಾದಳು. ಆಮೇಲೆ ಅವರು ಎಣಿಸಿದರು, ಇಬ್ಬರೂ ಒಟ್ಟಿಗೆ ಒತ್ತಿದರು. ಪರದೆಯ ಮೇಲೆ ಕೆಂಪಗಿದ್ದ ಸಾಲುಗಳು ಒಂದೊಂದಾಗಿ ಹಸಿರಾದವು.

ಊರಿಗೆಲ್ಲ ನೀರು ಬಿಡುವ ಮಂಡಳಿಗೆ ಎರಡು ನಿಯಂತ್ರಣ ಕೊಠಡಿಗಳು. ಒಂದು ಗುಡ್ಡದ ಮೇಲಿನ ಟ್ಯಾಂಕಿನ ಪಕ್ಕ, ಇನ್ನೊಂದು ಹನ್ನೆರಡು ಕಿಲೋಮೀಟರ್ ಆಚೆ, ಕೆಳಗಿನ ಟ್ಯಾಂಕಿನ ಪಕ್ಕ. ಯಾವ ವಾಲ್ವ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ಆಜ್ಞೆಗಳೆಲ್ಲ ಈ ಎರಡು ಕೊಠಡಿಗಳ ನಡುವಿನ ಕೇಬಲಿನಲ್ಲೇ ಓಡಾಡಬೇಕು. ರಸ್ತೆ ಅಗೆಯುವವರು ಅದನ್ನು ಕತ್ತರಿಸಿದರೆ ಪಂಪ್‌ಹೌಸ್‌ಗಳ ಮೇಲಿಂದ ಸುತ್ತುವ ಬಳಸು ದಾರಿಯೊಂದಿತ್ತು. ಆದರೆ ದಾರಿ ಬದಲಾಯಿತೆಂದು ಎರಡೂ ಕಡೆ ಆಜ್ಞೆಗಳಿಗೆ ದಾರಿ ತೋರಿಸುವ ರೌಟರ್ ಪೆಟ್ಟಿಗೆಗಳಿಗೆ ಕೈಯಾರೆ ಹೇಳಬೇಕು, ಅದೂ ಏಕಕಾಲಕ್ಕೆ. ಒಬ್ಬರು ಬದಲಾಯಿಸಿ ಇನ್ನೊಬ್ಬರು ಬಿಟ್ಟರೆ ಮುಗಿಯಿತು. ಆಜ್ಞೆಯನ್ನು ಈ ರೌಟರ್ ಅದರತ್ತ ತಳ್ಳುತ್ತದೆ, ಅದು ಇದರತ್ತ ತಳ್ಳುತ್ತದೆ, ಪಾಪದ ಆಜ್ಞೆ ನಡುದಾರಿಯಲ್ಲೇ ಸಾಯುತ್ತದೆ. ಅದಕ್ಕೇ ಈ ಫೋನು, ಈ ಎಣಿಕೆ.

ಒಂಬತ್ತು ವರ್ಷದಿಂದ ಅವಳು ಮೇಲಿನ ಕೊಠಡಿಯಲ್ಲಿ, ಅವರು ಕೆಳಗಿನ ಕೊಠಡಿಯಲ್ಲಿ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಅವರು ಅವಳನ್ನು "ಮೇಲಿನವ್ರೇ" ಎಂದೇ ಕರೆಯುತ್ತಿದ್ದರು. "ಎಲ್ಲಾ ಮೇಲಿನವರ ದಯೆ" ಎಂದು ತಾವೇ ಹೇಳಿ ತಾವೇ ನಗುತ್ತಿದ್ದರು. ಒಂಬತ್ತು ವರ್ಷ ಅದೇ ಹಳಸಲು ಜೋಕಿಗೆ ಅವಳೂ ನಕ್ಕಿದ್ದಳು. ಮನೆಯಲ್ಲಿ ಯಾರಿದ್ದಾರೆ ಎಂದು ಅವಳು ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಅವಳನ್ನು ಕೇಳಿದ್ದರೆ ಹೇಳಲು ಹೆಚ್ಚೇನೂ ಇರಲಿಲ್ಲ. ಅಪ್ಪ ಇರುವವರೆಗೆ ಜಗಳವಾಡಲಾದರೂ ಒಂದು ಜೀವ ಇತ್ತು. ಅಪ್ಪ ಹೋಗಿ ನಾಲ್ಕು ವರ್ಷ. ಭಾನುವಾರ ತಂಗಿ ಫೋನ್ ಮಾಡುತ್ತಾಳೆ, ಮಾಡಿ ತನ್ನ ಮಕ್ಕಳಿಗೆ ಬೈಯುತ್ತಾಳೆ, "ಸರಿ ಅಕ್ಕಾ, ಇಡ್ತೀನಿ" ಎನ್ನುತ್ತಾಳೆ. ಎಷ್ಟೋ ದಿನ ಅವಳ ಜೊತೆ ಬಾಯಿಬಿಟ್ಟು ಮಾತಾಡಿದ ಮನುಷ್ಯರೆಂದರೆ ಕೆಳಗಿನ ಕೊಠಡಿಯವರು ಮಾತ್ರ. ಹಾಗಾಗಿ ಕೇಬಲ್ ತುಂಡಾದ ದಿನ ಅವಳಿಗೆ ಸಂತೋಷವಾಗುತ್ತಿತ್ತು. ನಾಚಿಕೆಗೆಟ್ಟ ಸಂತೋಷ, ಆದರೂ ಸಂತೋಷವೇ. ಹಾರೆ ಹಿಡಿದ ಆ ಪುಣ್ಯಾತ್ಮರಿಗೆ ಅವಳು ಮನಸ್ಸಿನಲ್ಲೇ ಕೈಮುಗಿದದ್ದೂ ಉಂಟು.

ಮೂರೆಣಿಸಿ ಒತ್ತಿದ ಆವತ್ತು, ಬೆಳಗ್ಗೆ ತುಂಡಾದ ಕೇಬಲನ್ನು ಮಧ್ಯಾಹ್ನದ ಹೊತ್ತಿಗೆ ಬೆಸೆದರು. ಮೂರು ಗಂಟೆಗೆ ಕೇಂದ್ರ ಕಚೇರಿಯ ದೊಡ್ಡ ಇಂಜಿನಿಯರ್ ಇಬ್ಬರನ್ನೂ ಒಂದೇ ಫೋನಿಗೆ ಸೇರಿಸಿದರು. ಹೊಸ ವ್ಯವಸ್ಥೆ ಶುರುವಾಗುವ ದಿನ ಅದು. ಹದಿನೆಂಟು ಪಂಪ್‌ಹೌಸ್‌ಗಳದ್ದು ಆಗಲೇ ಮುಗಿದಿತ್ತು, ಉಳಿದದ್ದು ಇವರಿಬ್ಬರ ನಡುವಿನ ಲೈನು.

"ಇನ್ಮೇಲೆ ನೀವಿಬ್ರೂ ಮಾತಾಡೋ ಅಗತ್ಯವೇ ಇಲ್ಲ," ಎಂದರು ದೊಡ್ಡ ಇಂಜಿನಿಯರ್, ಭಾರೀ ಉಪಕಾರ ಮಾಡಿದವರ ಧಾಟಿಯಲ್ಲಿ. "ರೌಟರ್‌ಗಳೇ ಮಾತಾಡ್ಕೊಳ್ತವೆ. ಹತ್ತು ಸೆಕೆಂಡಿಗೊಂದು ಸಲ ಪಕ್ಕದೋರಿಗೆ ಹಲೋ ಅಂತವೆ. ನಲವತ್ತು ಸೆಕೆಂಡು ಹಲೋ ಬರ್ಲಿಲ್ಲ ಅಂದ್ರೆ ಆ ಲೈನು ಸತ್ತಿದೆ ಅಂತ ಒಂದು ಚೀಟಿ ಬರೆದು ಎಲ್ರಿಗೂ ಹಂಚ್ತವೆ. ಪ್ರತಿ ಚೀಟಿಗೂ ಒಂದು ನಂಬರು. ದೊಡ್ಡ ನಂಬರಿನ ಚೀಟಿ ಬಂದ್ರೆ ಹಳೇದನ್ನ ಹರಿದು ಹಾಕ್ತವೆ. ಹೀಗೆ ಎಲ್ರ ಹತ್ರಾನೂ ಒಂದೇ ನಕ್ಷೆ. ಯಾರೂ ಯಾರನ್ನೂ ಕೇಳ್ಬೇಕಾಗಿಲ್ಲ."

"ಬಹಳ ಅನುಕೂಲ ಸರ್," ಎಂದರು ಕೆಳಗಿನ ಕೊಠಡಿಯವರು.

ಹೊಸದಾಗಿ ಪರಿಚಯವಾದ ಎರಡು ರೌಟರ್‌ಗಳು ಮೊದಲು ತಮ್ಮತಮ್ಮಲ್ಲಿರುವ ಚೀಟಿಗಳ ಪಟ್ಟಿಯನ್ನು ಒಂದಕ್ಕೊಂದು ಕಳಿಸಬೇಕು. ತನ್ನಲ್ಲಿ ಇಲ್ಲದ್ದನ್ನು, ಹಳತಾದದ್ದನ್ನು ಇನ್ನೊಂದರಿಂದ ಕೇಳಿ ಪಡೆಯಬೇಕು. ಎರಡೂ ಕಡೆ ಒಂದಕ್ಷರವೂ ವ್ಯತ್ಯಾಸವಿಲ್ಲದೆ ಹೊಂದಿದಾಗ ಪರದೆಯ ಮೇಲೆ 'ಫುಲ್' ಎಂದು ಬರುತ್ತದೆ. ಇಲ್ಲಿ ಬರಲಿಲ್ಲ. ಹಲೋ ಹೋಗುತ್ತಿತ್ತು, ಹಲೋ ಬರುತ್ತಿತ್ತು. ಪಟ್ಟಿ ಕೊಡುವ ಹಂತಕ್ಕೆ ಬಂದ ಕೂಡಲೇ ಎರಡೂ ನಿಂತುಬಿಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿಂದ ಹಲೋ.

"ನಿಮ್ಮ ಕಡೆ ಏನಾದ್ರೂ ಕಾಣ್ತಾ ಇದ್ಯಾ?" ದೊಡ್ಡ ಇಂಜಿನಿಯರ್ ಕೇಳಿದರು.

"ಏನೂ ಇಲ್ಲ ಸರ್," ಎಂದರು ಅವರು. "ಎಲ್ಲಾ ಸರಿ ಇದೆ."

ಮೂರೂವರೆಯಾಯಿತು. ಆಫ್ ಮಾಡಿ ಆನ್ ಮಾಡಿದರು. ಕೇಬಲಿನ ತುದಿ ಕಿತ್ತು ಒರೆಸಿ ಸಿಕ್ಕಿಸಿದರು. ದೊಡ್ಡ ಇಂಜಿನಿಯರರ ತಾಳ್ಮೆಗೆ ಮೊದಲೇ ಆಯಸ್ಸು ಕಮ್ಮಿ. "ಮುಖ್ಯ ಲೈನೇ ನಕ್ಷೇಲಿ ಇಲ್ಲ ಅಂದ್ರೆ ಇದನ್ನ ಕಟ್ಕೊಂಡು ನಾನೇನು ಮಾಡ್ಲಿ? ನಾಲ್ಕು ಗಂಟೆ ತನಕ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಈ ವರ್ಷ ಬೇಡ, ಹಳೇದೇ ನಡೀಲಿ ಅಂತ ಬರೆದುಬಿಡ್ತೀನಿ," ಎಂದು ಫೋನ್ ಇಟ್ಟರು.

ಹೊಸ ವ್ಯವಸ್ಥೆಯಲ್ಲಿ ಅವಳು ತನ್ನ ಕೊಠಡಿಯಿಂದಲೇ ಕೆಳಗಿನ ರೌಟರನ್ನೂ ನೋಡಬಹುದಿತ್ತು. ಯಾರ ಮೇಲೂ ಅನುಮಾನವಿಲ್ಲದೆ, ಬರೀ ಕೆಲಸದ ಚಾಳಿಗೆ, ತೆರೆದು ನೋಡಿದಳು. ಲೈನಿನಲ್ಲಿ ಒಂದು ಸಲಕ್ಕೆ ಮಾಹಿತಿಯ ಎಷ್ಟು ದೊಡ್ಡ ಕಟ್ಟು, ಅಂದರೆ ಪ್ಯಾಕೆಟ್, ಹೋಗಬಹುದು ಎಂಬುದಕ್ಕೆ ಒಂದು ಮಿತಿ ಇರುತ್ತದೆ. ಅವಳ ಕಡೆ ಸಾವಿರದ ಐನೂರು ಬೈಟ್. ಅವರ ಕಡೆ ಸಾವಿರದ ನಾನೂರು. ಹಲೋ ಪುಟ್ಟದು, ನುಸುಳಿಕೊಂಡು ಹೋಗುತ್ತದೆ. ಪಟ್ಟಿಯ ಜೊತೆ ಮಾತ್ರ 'ನನ್ನ ಮಿತಿ ಇಷ್ಟು' ಎಂದು ಹೇಳಬೇಕು. ತನಗಿಂತ ದೊಡ್ಡ ಮಿತಿ ಕಂಡ ಕೂಡಲೇ ಅವರ ರೌಟರ್ ಇವಳ ಪಟ್ಟಿಯನ್ನು ಮೂಸಿಯೂ ನೋಡದೆ ಎಸೆಯುತ್ತಿತ್ತು.

ಅದರ ಕೆಳಗೆ ದಾಖಲೆ ಇತ್ತು. ಮಿತಿ ಬದಲಾದದ್ದು: ನಿನ್ನೆ ಸಂಜೆ ಐದೂ ಮುಕ್ಕಾಲು. ಬದಲಾಯಿಸಿದವರು: ಕೆಳಗಿನ ಕೊಠಡಿ.

ಗೊತ್ತಿಲ್ಲದೆ ಮಾಡಿದ್ದಾರೆ ಎನ್ನಲು ದಾರಿಯೇ ಇರಲಿಲ್ಲ. ಸಣ್ಣದು ಹೋಗಿ ದೊಡ್ಡದು ಸಿಕ್ಕಿಕೊಂಡರೆ ಮೊದಲು ಇದನ್ನೇ ನೋಡಬೇಕು ಎಂದು ಅವಳಿಗೆ ಫೋನಿನಲ್ಲಿ ಕಲಿಸಿಕೊಟ್ಟವರೇ ಅವರು, ಕೆಲಸಕ್ಕೆ ಸೇರಿದ ಮೂರನೇ ವರ್ಷ, ಮುಕ್ಕಾಲು ಗಂಟೆ ಬಿಡಿಸಿ ಬಿಡಿಸಿ. ಅಯ್ಯೋ ಮಹಾರಾಯರೇ, ಎಂದುಕೊಂಡಳು. ನಗು ಬಂತು, ಅದರ ಜೊತೆಗೇ ಕಣ್ಣು ತುಂಬಿತು. ಫೋನು ನಿಂತುಹೋಗುತ್ತದೆಂದು ಸಂಕಟಪಡುತ್ತಿರುವುದು ತಾನೊಬ್ಬಳೇ ಎಂದು ಅವಳು ತಿಳಿದಿದ್ದಳು.

ನಾಲ್ಕಕ್ಕೆ ಇನ್ನೂ ಇಪ್ಪತ್ತೆರಡು ನಿಮಿಷ. ಅವಳು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಕೂತರೆ ಸಾಕಿತ್ತು. ಇನ್ನೊಂದು ವರ್ಷ ಹಾರೆಯವರು ಅಗೆಯುತ್ತಾರೆ, ಇನ್ನೊಂದು ವರ್ಷ ಫೋನ್ ರಿಂಗಾಗುತ್ತದೆ. ಅವಳು ಕುರ್ಚಿಗೆ ಒರಗಿ ನಿಜಕ್ಕೂ ಸುಮ್ಮನೆ ಕೂತಳು, ಹತ್ತು ನಿಮಿಷ.

ಆದರೆ ಹಾಳಾದ ನೆನಪು ಸುಮ್ಮನಿರಬೇಕಲ್ಲ. ಹೋದ ವರ್ಷ ಕೇಬಲ್ ತುಂಡಾದಾಗ ಅವರು ಕೆಮ್ಮಿನ ಮಾತ್ರೆ ತರಲು ಹೊರಗೆ ಹೋಗಿದ್ದರು. ಅವಳು ಫೋನ್ ಮಾಡಿದಳು, ಮಾಡಿದಳು, ಎತ್ತುವವರಿಲ್ಲ. ನಲವತ್ತು ನಿಮಿಷ ವಾಲ್ವ್ ಮುಚ್ಚಲಾಗದೆ ಟ್ಯಾಂಕ್ ತುಂಬಿ ಹರಿದು ಕೆಳಗಿನ ಓಣಿಯ ಏಳು ಮನೆಗಳಿಗೆ ನೀರು ನುಗ್ಗಿತು. ಒಬ್ಬ ಮುದುಕಿಯನ್ನು ಮಂಚದ ಸಮೇತ ಎತ್ತಿ ಹೊರಗೆ ತರಬೇಕಾಯಿತು. ಕಚೇರಿಯವರು ಅವರಿಗೆ ನೋಟಿಸು ಕೊಟ್ಟರು. ಇನ್ನೊಮ್ಮೆ ಹಾಗಾದರೆ ಅವರನ್ನು ಉಳಿಸಿಕೊಳ್ಳುವುದಿಲ್ಲ. ಇನ್ನೊಮ್ಮೆ ಹಾಗಾದರೆ ಮಂಚದ ಮೇಲಿರುವವರು ಉಳಿಯುತ್ತಾರೋ ಇಲ್ಲವೋ.

ಅವರ ಮಿತಿಯನ್ನು ಮತ್ತೆ ಸಾವಿರದ ಐನೂರು ಮಾಡಿದರೆ ದಾಖಲೆಯಲ್ಲಿ ಇನ್ನೊಂದು ಸಾಲು ಸೇರುತ್ತದೆ, ದೊಡ್ಡ ಇಂಜಿನಿಯರ್ ಓದುತ್ತಾರೆ, ಅದರ ಪಕ್ಕದಲ್ಲೇ ಇರುವ ನಿನ್ನೆಯ ಸಾಲೂ ಅವರ ಕಣ್ಣಿಗೆ ಬೀಳುತ್ತದೆ. ಅವಳು ಕೆಳಗಿನ ರೌಟರಿನಿಂದ ಹೊರಗೆ ಬಂದಳು. ತನ್ನದನ್ನು ತೆರೆದಳು. ಸಾವಿರದ ಐನೂರನ್ನು ಅಳಿಸಿ ಸಾವಿರದ ನಾನೂರು ಎಂದು ಬರೆದಳು. ಈ ಸಲ ಎಣಿಸುವವರು ಯಾರೂ ಇರಲಿಲ್ಲ. ಒತ್ತಿದಳು.

ಹಲೋ ಹೋಯಿತು, ಹಲೋ ಬಂತು, ಪಟ್ಟಿಗಳು ದಾಟಿದವು. ಫುಲ್.

ಎರಡೇ ನಿಮಿಷಕ್ಕೆ ದೊಡ್ಡ ಇಂಜಿನಿಯರ್ ಮತ್ತೆ ಇಬ್ಬರನ್ನೂ ಲೈನಿಗೆ ಕರೆದರು. "ಭೇಷ್! ಏನಾಗಿತ್ತು?"

"ಏನಿಲ್ಲ ಸರ್. ನನ್ನ ಕಡೆನೇ ಒಂದು ತಪ್ಪಿತ್ತು. ಸರಿಮಾಡ್ದೆ."

"ನೋಡ್ಕೊಂಡು ಕೆಲ್ಸ ಮಾಡ್ಬಾರ್ದಾ? ಒಂದು ಗಂಟೆ ಹಾಳಾಯ್ತು."

"ತಪ್ಪಾಯ್ತು ಸರ್."

ದೊಡ್ಡ ಇಂಜಿನಿಯರ್ ಹೋದ ಮೇಲೂ ಒಂದು ಗಳಿಗೆ ಫೋನು ಜೀವಂತವಾಗಿತ್ತು.

"ಮೇಡಂ," ಎಂದರು ಅವರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮೇಡಂ. "ನೀವು ನೋಡಿದ್ರಾ?"

"ಏನನ್ನ ಸರ್? ನಾನೇನೂ ನೋಡ್ಲಿಲ್ಲ."

"ಸರಿ," ಎಂದರು. ಮತ್ತೆ "ಸರಿ" ಎಂದು ಫೋನ್ ಇಟ್ಟರು.

ಹನ್ನೊಂದು ದಿನ ಫೋನ್ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ಅವಳು ಬೆಳಗ್ಗೆ ಬಂದು ಬೀಗ ತೆಗೆಯುತ್ತಿದ್ದಳು, ಮೇಜು ಒರೆಸುತ್ತಿದ್ದಳು, ಡಬ್ಬಿಯ ಊಟ ಮಾಡುತ್ತಿದ್ದಳು. ಪರದೆಯ ಮೇಲೆ ಮೇಲಿನ ಕೊಠಡಿಯೂ ಕೆಳಗಿನ ಕೊಠಡಿಯೂ ಹತ್ತು ಸೆಕೆಂಡಿಗೊಮ್ಮೆ ಹಲೋ ಎನ್ನುತ್ತಿದ್ದವು. ಸಂಜೆ ಬೀಗ ಹಾಕುವಾಗ ಬೆಳಗ್ಗಿನಿಂದ ತಾನು ಒಂದು ಮಾತೂ ಆಡಿಲ್ಲವೆಂಬುದು ಅವಳಿಗೆ ಹೊಳೆಯುತ್ತಿತ್ತು. ಅವಳೇ ಫೋನ್ ಮಾಡಬಹುದಿತ್ತು. ಮಾಡಿ ಏನೆನ್ನುವುದು? ಕೆಲಸವಿಲ್ಲದೆ ಮಾತಾಡಿ ಇಬ್ಬರಿಗೂ ಅಭ್ಯಾಸವಿರಲಿಲ್ಲ.

ಹನ್ನೆರಡನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಕೇಬಲ್ ತುಂಡಾಯಿತು. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ನಾಲ್ಕು ಹಲೋ ತಪ್ಪಿತು. ಹೊಸ ನಂಬರಿನ ಚೀಟಿಗಳು ಹೊರಟವು. ಹದಿನೆಂಟು ಪಂಪ್‌ಹೌಸ್‌ಗಳೂ ಹಳೆಯದನ್ನು ಬಿಸಾಡಿ ಹೊಸ ದಾರಿ ಹಿಡಿದವು. ಅವಳು ಫೋನಿನ ಹತ್ತಿರ ಬರುವಷ್ಟರಲ್ಲಿ ಎಲ್ಲ ಹಸಿರಾಗಿತ್ತು, ಹೇಳಲು ಏನೂ ಉಳಿದಿರಲಿಲ್ಲ.

ಆದರೂ ರಿಸೀವರ್ ಎತ್ತಿ ಅವರ ಕೊಠಡಿಯ ನಂಬರು ಒತ್ತಿದಳು. ಎಂಗೇಜ್ ಬಂತು. ಇಟ್ಟು, ಮತ್ತೆ ಒತ್ತಿದಳು. ಮತ್ತೆ ಎಂಗೇಜ್. ಇದೇನಿದು, ಎಂದುಕೊಂಡಳು. ಈ ಎರಡು ಕೊಠಡಿಗಳು ಒಂದಕ್ಕೊಂದು ಮಾತಾಡಲೆಂದೇ ಇಟ್ಟ ಫೋನು ಇದು. ಕಚೇರಿಯವರೂ ಬೇರೆ ನಂಬರಿಗೇ ಮಾಡುತ್ತಾರೆ. ಅಲ್ಲಿಂದ ಯಾರಾದರೂ ಇದನ್ನು ಎತ್ತಿದರೆ ಅದು ಇಲ್ಲಿಗೆ ಮಾಡುವುದಕ್ಕೇ.

ಮೂರನೆಯ ಸಲ ಒತ್ತಲು ಹೋದ ಬೆರಳನ್ನು ಅವಳು ಹಿಂದಕ್ಕೆ ತೆಗೆದಳು. ಅವರಿಗೆ ಲೈನು ಸಿಗಲೆಂದು ರಿಸೀವರನ್ನು ಮೆಲ್ಲಗೆ ಕೆಳಗಿಟ್ಟಳು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.