ಹಾರೆ ಅಕ್ಕನ ಗೇಟು

ಪೆಟ್ಟಿಗೆ ಜೀಪಿನ ಹಿಂಭಾಗಕ್ಕಿಂತ ಒಂದು ಗೇಣು ಉದ್ದವಾಗಿತ್ತು. ಹಿಂಬಾಗಿಲು ಮುಚ್ಚಲು ಬರುವುದಿಲ್ಲವೆಂದು ಅವನು ಅದರ ಬೋಲ್ಟುಗಳನ್ನು ಬಿಚ್ಚುತ್ತಿದ್ದ. ಉಳಿದವು ಸಲೀಸಾಗಿ ಬಂದವು, ಕೊನೆಯದೊಂದು ತುಕ್ಕು ಹಿಡಿದು ಹಟ ಮಾಡುತ್ತಿತ್ತು. ಬೆಳಗಿನಿಂದ ಅವನ ತಲೆಯಲ್ಲಿ ಇದ್ದದ್ದು ಆ ಬೋಲ್ಟು ಒಂದೇ. ಹೆಂಡತಿ ಸತ್ತಿದ್ದಾಳೆ ಎಂದು ಗೊತ್ತಿತ್ತು. ಗೊತ್ತಿತ್ತು ಅಷ್ಟೆ, ಪಕ್ಕದ ಬೀದಿಯಲ್ಲಿ ಕರೆಂಟು ಹೋಗಿದೆ ಎಂದು ಗೊತ್ತಿರುವ ಹಾಗೆ.

ಅವನದು ಟೈರ್ ಅಂಗಡಿ, ಮನೆ ಅದರ ಮೇಲೆಯೇ. ಪೆಟ್ಟಿಗೆಯನ್ನು ಅಂಗಡಿಯೊಳಗೆ, ಹಳೆಯ ಟೈರುಗಳನ್ನು ಸರಿಸಿ ಮಾಡಿದ ಜಾಗದಲ್ಲಿ ಇಟ್ಟಿದ್ದರು. ಬಂದವರೆಲ್ಲ ಒಳಗೆ ಹೋಗಿ ಮುಖ ನೋಡಿ ಕಣ್ಣೊರೆಸಿಕೊಂಡು ಬಂದರು. ಅವನು ಮಾತ್ರ ಹೋಗಲಿಲ್ಲ. ಹೊರಗೆ ಕೆಲಸ ಇತ್ತಲ್ಲ.

"ಬದುಕಿರೋವರ್ಗೂ ಈ ಡಬ್ಬದಲ್ಲೇ ಕುಲುಕಿದ್ದಾಯ್ತು," ಎಂದಳು ಹೆಂಡತಿಯ ಅಕ್ಕ, ಜೀಪಿನ ಮಡ್‌ಗಾರ್ಡನ್ನು ಸೆರಗಿನ ತುದಿಯಿಂದಲೂ ಮುಟ್ಟದಂತೆ ದೂರ ನಿಂತು. "ಸತ್ಮೇಲಾದ್ರೂ ನೆಟ್ಟಗಿರೋ ಗಾಡೀಲಿ ಕಳಿಸ್ಬಾರ್ದಾ? ಅದಕ್ಕೇ ಅಂತ ವ್ಯಾನು ಇರುತ್ತಲ್ಲ."

"ಅವಳೇ ಹೇಳಿದ್ದು, ಅತ್ತಿಗೆ."

"ಅವಳು ಏನೇನೋ ಹೇಳ್ತಿದ್ಲು. ನೀವು ಯಾವತ್ತಾದ್ರೂ ಕಿವಿಗೆ ಹಾಕ್ಕೊಂಡಿದ್ರಾ?"

ಅದೂ ನಿಜವೇ. ಅವನು ಬೋಲ್ಟಿಗೆ ಎಣ್ಣೆ ಬಿಟ್ಟು ಕಾದ.

*

"ನನ್ನನ್ನ ಆ ಬಿಳಿ ವ್ಯಾನಿಗೆ ಹಾಕ್ಬೇಡಿ ರೀ," ಎಂದಿದ್ದಳು ಆಸ್ಪತ್ರೆಯಲ್ಲಿ. ಆಗಲೇ ದನಿ ಅರ್ಧ ಆಗಿತ್ತು. "ನಮ್ಮ ಜೀಪಲ್ಲೇ ಒಯ್ಯಿರಿ. ಟಾರು ರಸ್ತೆ ಬೇಡ, ಗುಡ್ಡದ ಮೇಲಿಂದ. ಸ್ಮಶಾನ ಹೇಗೂ ಆ ಕಡೇಲೇ ಇದೆ. ಮೇಲಿನ ತಿರುವಲ್ಲಿ ಒಂದ್ ಗಳಿಗೆ ಎಂಜಿನ್ ಆಫ್ ಮಾಡಿ."

"ಸುಮ್ನೆ ಮಲಕೋ."

"ಆಯ್ತು ಅನ್ನಿ."

"ಆಯ್ತು."

"ಮುಖ ನೋಡಿ ಅನ್ನಿ."

ಅವನು ಮಂಚದ ಚಕ್ರ ನೋಡುತ್ತಿದ್ದ. ನಾಲ್ಕರಲ್ಲಿ ಒಂದು ಸೊಟ್ಟಗಿತ್ತು. ತಲೆ ಎತ್ತಿ, ಅವಳ ಮುಖ ನೋಡಿ, "ಆಯ್ತು ಅಂದ್ನಲ್ಲೇ" ಎಂದ. ಕಿಟಕಿಯ ಹತ್ತಿರ ನಿಂತಿದ್ದ ಮಗಳು ಅದನ್ನು ಕೇಳಿಸಿಕೊಂಡಿದ್ದಳು.

*

ಹೊಟ್ಟೆಪಾಡಿಗೆ ಹೆಂಡತಿ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಭಾನುವಾರ ಬಂತೆಂದರೆ ಊರ ಹಿಂದಿನ ಗುಡ್ಡ. ಜೀಪು, ಬೈಕು ಹತ್ತಿಸಿಕೊಂಡು ಮಣ್ಣಿನ ಹಾದಿಯಲ್ಲಿ ಖುಷಿಗೆ ಓಡಾಡುವವರನ್ನೆಲ್ಲ ಸೇರಿಸಿ ಕ್ಲಬ್ಬು ಕಟ್ಟಿದ್ದಳು. ಓಡಾಡುವುದಕ್ಕಿಂತ ಹಾದಿ ರಿಪೇರಿಯೇ ಹೆಚ್ಚು ಎಂದು ಸದಸ್ಯರು ಗೊಣಗುತ್ತಿದ್ದರು. ನೀರು ಪಕ್ಕಕ್ಕೆ ಹರಿದುಹೋಗಲು ಕಾಲುವೆ ತೋಡುವುದು, ಕೊರಕಲಿಗೆ ಕಲ್ಲು ತುಂಬುವುದು, ಅಡ್ಡದಾರಿಗೆ ಮುಳ್ಳು ಹಾಕುವುದು. ಹೆಗಲ ಮೇಲೆ ಯಾವಾಗಲೂ ಒಂದು ಹಾರೆ. ಹಾಗಾಗಿ ಅವಳು ಎಲ್ಲರಿಗೂ ಹಾರೆ ಅಕ್ಕ ಆದಳು, ಇವನು ತನ್ನ ಪಾಡಿಗೆ ಪಂಕ್ಚರ್ ಹಾಕಿಕೊಂಡಿದ್ದವನು ಊರಿಗೆಲ್ಲ ಭಾವ ಆದ.

ಆ ಭಾವಮೈದುನರೆಲ್ಲ ಈಗ ಅಂಗಡಿಯ ಮುಂದೆ ಸಾಲಾಗಿ ಬಂದು ನಿಂತಿದ್ದರು. ಯಾರೂ ಹಾರ್ನ್ ಮಾಡಲಿಲ್ಲ. ಕ್ಲಬ್ಬಿನ ಈಗಿನ ಅಧ್ಯಕ್ಷ, ಹಲ್ಲಿನ ಡಾಕ್ಟರು, ಮುಂದೆ ಬಂದು ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಕೊನೆಯ ಬೋಲ್ಟು ಬಿಚ್ಚಿದರು.

"ರಾತ್ರಿ ಮಳೆ ಬಿದ್ದಿದೆ, ಭಾವ," ಎಂದರು ಮೆಲ್ಲಗೆ.

"ಹೂಂ."

"ಪರವಾಗಿಲ್ಲ ಬಿಡಿ. ಇವತ್ತೊಂದಿನ ಯಾರು ಏನಂತಾರೆ? ಮುಂದಿನ ವಾರ ನಾವೇ ಬಂದು ಸರಿ ಮಾಡ್ತೀವಿ."

ಪೆಟ್ಟಿಗೆಯನ್ನು ಹೊತ್ತು ತಂದು ಜೀಪಿಗೆ ಏರಿಸಿದರು. ಯಾರೋ ಅದರ ಮೇಲೆ ಹಾರೆ ಇಟ್ಟರು. ಆಗಲೂ ಅವನು ಹಗ್ಗದ ಗಂಟು ನೋಡಿದ, ಚಕ್ರದ ಗಾಳಿ ನೋಡಿದ.

*

ಡಾಕ್ಟರು ಮೊದಲ ಸಲ ಗುಡ್ಡಕ್ಕೆ ಬಂದದ್ದು ಹೊಸ ಜೀಪಿನ ಜೋರಿನಲ್ಲಿ. ಹಾದಿ ಶುರುವಾಗುವಲ್ಲಿದ್ದ ಕೊಳವೆ ಗೇಟಿನ ಎದುರಿಗಿದ್ದ ಹುಲ್ಲಿನ ಮೇಲೆ ಗಿರಗಿರನೆ ಸುತ್ತು ಹೊಡೆದು ಕೆಸರು ಹಾರಿಸುತ್ತಿದ್ದರು. ಹಾರೆ ಅಕ್ಕ ಹೋಗಿ ಚಕ್ರದ ಮುಂದೆ ನಿಂತಳು.

"ಡಾಕ್ಟ್ರೇ, ನಿಮ್ಮ ಹತ್ರ ಬಂದೋರ ಒಸಡನ್ನೂ ಹೀಗೇ ಕೆರೀತೀರಾ?"

ಡಾಕ್ಟರು ಇಳಿದರು. ಆ ಸಂಜೆಯೆಲ್ಲ ಅವರ ಕೈಯಲ್ಲೇ ಆ ಮಣ್ಣನ್ನು ಸಮ ಮಾಡಿಸಿದಳು. ಹುಲ್ಲು ಮತ್ತೆ ಬರುವಂತೆ ಅಲ್ಲಿ ಗಾಡಿ ತಿರುಗಿಸುವುದನ್ನೇ ನಿಲ್ಲಿಸಿದಳು. ಅಂದಿನಿಂದ ಕ್ಲಬ್ಬಿಗೆ ಸೇರುವವರಿಗೆ ಮೊದಲ ಪಾಠ ರಿವರ್ಸ್. ಗೇಟಿನಿಂದ ಕೆಳಗೆ ಟಾರು ರಸ್ತೆಯವರೆಗೆ, ಎರಡೂ ಬದಿಯ ಹುಲ್ಲಿಗೆ ಚಕ್ರ ತಾಗದಂತೆ, ಹಿಂದಕ್ಕೆ ಬರಬೇಕು. ಬಂದರೆ ಮಾತ್ರ ಮೇಲೆ ಹೋಗಲು ಬಿಡುತ್ತಿದ್ದಳು. "ಕನ್ನಡಿ ನಂಬ್ಬೇಡಿ, ಕತ್ತು ತಿರುಗ್ಸಿ" ಎಂದು ಹಿಂದೆ ನಿಂತು ಕೂಗುತ್ತಿದ್ದಳು. ಡಾಕ್ಟರು ಪಾಸಾಗಲು ಬಹಳ ಭಾನುವಾರಗಳೇ ಬೇಕಾದವು.

ಎರಡನೆಯ ಪಾಠ ಹಿಮ್ಮಡಿ. ಮಳೆ ಬಿದ್ದ ಮಾರನೆ ದಿನ ಹಾದಿಯ ಮೇಲೆ ಹಿಮ್ಮಡಿ ಊರಿ ನೋಡುವುದು. ಗುಂಡಿ ಬಿದ್ದು ನೀರು ಒಸರಿದರೆ ಗೇಟಿಗೆ ಬೀಗ. "ಇವತ್ತು ಒಂದು ಚಕ್ರದ ಗುರುತು. ನಾಳೆ ನೀರು ಅದ್ರಲ್ಲೇ ಹರಿಯುತ್ತೆ. ಆಮೇಲೆ ಗುಡ್ಡ ಇರಲ್ಲ, ಚರಂಡಿ ಇರುತ್ತೆ." ಒಮ್ಮೆ ಗುಡ್ಡವನ್ನೇ ಮುಚ್ಚಿಬಿಡುತ್ತೇವೆಂದು ಅರಣ್ಯ ಕಚೇರಿಯವರು ಬಂದಾಗ ಅವಳು ಇದೇ ಬೀಗ ತೋರಿಸಿ ಹಾದಿ ಉಳಿಸಿಕೊಂಡಿದ್ದಳು.

ಇವನಿಗೆ ಅದೆಲ್ಲ ಅತಿ ಅನಿಸುತ್ತಿತ್ತು. ಒಂದು ದಿನವೂ ಹಿಮ್ಮಡಿ ಊರಿದವನಲ್ಲ.

*

ಗೇಟಿನ ಮುಂದೆ ಅವನ ಜೀಪು ಮೊದಲು, ಉಳಿದವು ಹಿಂದೆ ನಿಂತವು. ಡಾಕ್ಟರು ಇಳಿದು ಬೀಗ ತೆಗೆದು ಕಬ್ಬಿಣದ ಕೊಳವೆಯನ್ನು ಪಕ್ಕಕ್ಕೆ ಸರಿಸಿದರು. ಯಾರೂ ಹಾದಿಯ ಮೇಲೆ ಕಾಲಿಡಲಿಲ್ಲ. ಎಲ್ಲರೂ ತಂತಮ್ಮ ಬೂಟು ನೋಡಿಕೊಂಡು ನಿಂತರು.

"ಹೊರಡು ಅಪ್ಪ," ಎಂದಳು ಪಕ್ಕದಲ್ಲಿ ಕೂತಿದ್ದ ಮಗಳು.

ಅವನು ಗೇರು ಹಾಕಿದ. ಮತ್ತೆ ತೆಗೆದ. ಎಂಜಿನ್ ಆಫ್ ಮಾಡಿ ಇಳಿದ. ಯಾಕೆ ಇಳಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಗೇಟು ದಾಟಿ ಎರಡು ಹೆಜ್ಜೆ ಹೋಗಿ, ಇವತ್ತಿಗೆಂದು ಹಾಕಿಕೊಂಡಿದ್ದ ಹೊಸ ಬೂಟಿನ ಹಿಮ್ಮಡಿಯನ್ನು ಊರಿದ. ಅದು ಸಲೀಸಾಗಿ ಇಳಿಯಿತು. ಕಾಲು ತೆಗೆದಾಗ ಗುಂಡಿಯಲ್ಲಿ ನೀರು ಬಂದು ನಿಂತಿತು.

ಬಹಳ ಹೊತ್ತು ಅದನ್ನೇ ನೋಡಿದ.

"ಬಿತ್ತು," ಎಂದ. "ಬೀಗ ಕೊಡಿ ಡಾಕ್ಟ್ರೇ."

"ಭಾವ, ಅಕ್ಕ ಅಲ್ವಾ..."

"ಕೊಡಿ."

ಮಗಳು ಇಳಿದು ಓಡಿ ಬಂದಳು. "ಏನ್ ಮಾಡ್ತಿದ್ದೀಯ ನೀನು? ಅಮ್ಮ ನಿನ್ನ ಕೇಳಿದ್ದು ಇದೊಂದೇ. ಮುಖ ನೋಡಿ ಆಯ್ತು ಅಂದಿದ್ದೆ!"

"ಅಂದಿದ್ದೆ."

"ಮತ್ತೆ? ಅಮ್ಮಂಗೂ ದಾರಿ ಬಿಡಲ್ವಾ?"

ಅವನು ಮಣ್ಣಿನ ಕಡೆ ಕೈ ತೋರಿಸಿದ.

"ಹೊತ್ಕೊಂಡಾದ್ರೂ ಹೋಗೋಣ್ವಾ?" ಎಂದರು ಡಾಕ್ಟರು. ಎಲ್ಲರೂ ಏರು ನೋಡಿದರು. ಪೆಟ್ಟಿಗೆ ಭಾರ, ಗುಡ್ಡದ ಆ ಕಡೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ, ಕ್ಲಬ್ಬಿನ ಅರ್ಧ ಜನರ ಮಂಡಿ ಹೋಗಿದೆ. ಯಾರೂ ಮುಂದೆ ಬರಲಿಲ್ಲ. ಡಾಕ್ಟರೂ ಮತ್ತೆ ಕೇಳಲಿಲ್ಲ.

ಅವನೇ ಕೊಳವೆ ಎಳೆದು ಬೀಗ ಹಾಕಿದ. ಮಗಳು ತಿರುಗಿಯೂ ನೋಡದೆ ಕೆಳಗೆ ನಡೆದುಬಿಟ್ಟಳು.

ಬೈಕುಗಳನ್ನು ಇಬ್ಬಿಬ್ಬರು ಹಿಡಿದೆತ್ತಿ ನಿಂತಲ್ಲೇ ತಿರುಗಿಸಿದರು. ಜೀಪುಗಳು ಹಿಂದಕ್ಕೆ ಹೊರಟವು, ಕೊನೆಯದು ಮೊದಲು. ಹೇಳಿಕೊಡಬೇಕಾಗಿರಲಿಲ್ಲ. ಪ್ರತಿಯೊಬ್ಬರೂ ಕತ್ತು ತಿರುಗಿಸಿಕೊಂಡು, ಹುಲ್ಲಿನ ಒಂದು ಎಸಳನ್ನೂ ಮುಟ್ಟದೆ ಇಳಿದರು.

ಕೊನೆಗೆ ಅವನ ಸರದಿ. ಸೀಟಿಗೆ ಹತ್ತಿ ಕನ್ನಡಿ ನೋಡಿದ. ಬರೀ ಮರದ ಹಲಗೆ. ಪಕ್ಕದ ಸೀಟಿನ ಮೇಲೆ ಕೈ ಹಾಕಿ ಕತ್ತು ತಿರುಗಿಸಿದ.

ಪೆಟ್ಟಿಗೆ ಅಲ್ಲಿತ್ತು. ಬೆಳಗಿನಿಂದ ಬೋಲ್ಟು, ಹಗ್ಗ, ಚಕ್ರ ಎಂದು ತಪ್ಪಿಸಿಕೊಂಡು ತಿರುಗಿದ್ದ, ಈಗ ನೋಡಲು ಅದು ಬಿಟ್ಟು ಬೇರೆ ಏನೂ ಇರಲಿಲ್ಲ. ತಲೆಯ ಕಡೆ ಅವನ ಸೀಟಿಗೇ ಆತುಕೊಂಡಿತ್ತು. ಹಾರೆಯ ಹಿಡಿಯುವ ಜಾಗ ಅವಳ ಕೈ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಹಾದಿ ಕಾಣಲಿಲ್ಲ. ಪೆಟ್ಟಿಗೆ ಅಡ್ಡ ಬಂದಿದ್ದಕ್ಕೋ, ಕಣ್ಣಿಗೆ ನೀರು ಬಂದಿದ್ದಕ್ಕೋ ತಿಳಿಯಲಿಲ್ಲ.

ಹಿಂದಿನಿಂದ ಜೀಪಿನ ಮೈಗೆ ಯಾರೋ ಅಂಗೈಯಿಂದ ಬಡಿದರು. ಕೆಳಗೆ ಹೋಗಿದ್ದ ಮಗಳು ವಾಪಸು ಬಂದಿದ್ದಳು. ಹಾದಿಯ ನಡುವೆ ನಿಂತು, ಪೆಟ್ಟಿಗೆಯ ಮೇಲಿಂದ ಕಾಣುವಂತೆ ಕೈ ಎತ್ತಿದ್ದಳು.

"ಬರ್ಲಿ," ಎಂದಳು, ಮೂಗು ಒರೆಸಿಕೊಂಡು. "ಸ್ವಲ್ಪ ಎಡಕ್ಕೆ. ಹಾಂ. ಬರ್ಲಿ ಅಪ್ಪ, ಬರ್ಲಿ."

ಅವನು ಹಿಂದಕ್ಕೆ ಹೊರಟ. ಟಾರು ರಸ್ತೆ ಸಿಗುವವರೆಗೂ ಪೆಟ್ಟಿಗೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.